ಇಳಿಜಾರಿನ ಸೈಕಲ್ಲುಗಳು, ಅಣ್ಣನ ಲಾರಿ

ನಮ್ಮಣ್ಣ ಜನ್ಮದಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿಸಿ ಗಾಡಿ ಓಡಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವನು ಸತ್ತ ಮೂರನೇ ದಿನ ನಗರಸಭೆಯಿಂದ ಬಂದ ಕಾಗದದಲ್ಲಿ ‘ಅತಿ ವೇಗ, ಚಾಲಕನ ನಿರ್ಲಕ್ಷ್ಯ’ ಎಂದು ಬರೆದಿತ್ತು. ಪೇಪರಿನವರೂ ಅದನ್ನೇ ಅಚ್ಚು ಹಾಕಿದರು. ನಮ್ಮ ಬೀದಿಯಲ್ಲಿ ಅವನನ್ನು ಇಪ್ಪತ್ತು ವರ್ಷದಿಂದ ಕಂಡವರು ಕೂಡ “ಯಾವ ಹುತ್ತದಲ್ಲಿ ಯಾವ ಹಾವೋ” ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಮಾತನ್ನು ಆ ಕಾಗದದಿಂದ ಹೊಡೆಸಿಹಾಕುವವರೆಗೆ ಸುಮ್ಮನಿರುವುದಿಲ್ಲ ಎಂದು ಹಟ ಹಿಡಿದೆ.

ಅವನು ನನಗಿಂತ ಒಂಬತ್ತು ವರ್ಷ ದೊಡ್ಡವನು. ಗಾಡಿ ಕಲಿತದ್ದು ಕಲ್ಲಿನ ಕ್ವಾರಿಯಲ್ಲಿ. ಅಲ್ಲೊಂದು ದಿನ ಜಲ್ಲಿ ತುಂಬಿದ ಲಾರಿ ಬ್ರೇಕ್ ತಪ್ಪಿ ಹಿಂದಕ್ಕೆ ಉರುಳಿದ್ದನ್ನು ಕಣ್ಣಾರೆ ಕಂಡ. ಅವತ್ತಿನಿಂದ ಅವನಿಗೊಂದು ಅಭ್ಯಾಸ. ಎಷ್ಟೇ ಅವಸರವಿರಲಿ, ಇಳಿಜಾರು ಶುರುವಾಗುವ ಮುಂಚೆ ಗಾಡಿ ನಿಲ್ಲಿಸಿ ಇಳಿಯುತ್ತಿದ್ದ. ನಾಲ್ಕೂ ಚಕ್ರ ಸುತ್ತಿ, ಅಂಗೈ ಹಿಂಭಾಗವನ್ನು ಚಕ್ರದೊಳಗಿನ ಬ್ರೇಕ್ ಡ್ರಮ್ಮಿನ ಹತ್ತಿರ ಹಿಡಿದು ಬಿಸಿ ನೋಡುತ್ತಿದ್ದ. ಆಮೇಲೆ ಹತ್ತಿ ಕೂತು, ಮೂರು ಸಲ ಬ್ರೇಕ್ ತುಳಿದು, ಆಮೇಲೆ ಗೇರು. ಕ್ವಾರಿ ಬಿಟ್ಟ ಮೇಲೆ ಸೋಪಿನ ಫ್ಯಾಕ್ಟರಿಯ ವ್ಯಾನು ಓಡಿಸಿದ, ಸ್ಕೂಲ್ ವ್ಯಾನು ಓಡಿಸಿದ. ಸ್ಕೂಲ್ ಮಕ್ಕಳು ಅವನನ್ನು ಕಂಡರೆ ಸಿಡಿಮಿಡಿಗುಟ್ಟುತ್ತಿದ್ದವು, ಮಿಕ್ಕ ವ್ಯಾನುಗಳೆಲ್ಲ ಮುಂದೆ ಹೋಗುತ್ತವೆ ಎಂದು. ತಾಯಂದಿರು ಮಾತ್ರ ಅವನೇ ಬೇಕು ಅನ್ನುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವನ ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ.

ನಗರಸಭೆಯವರು ಬಾಡಿಗೆ ಸೈಕಲ್ಲಿನ ಯೋಜನೆ ತಂದಾಗ ಅದನ್ನು ನಡೆಸುವ ಕಂಪನಿಯಲ್ಲಿ ಅಣ್ಣ ಡ್ರೈವರ್ ಆಗಿ ಸೇರಿದ. ಹಸಿರು ಸೈಕಲ್ಲು, ಹಸಿರು ಸ್ಟ್ಯಾಂಡು, ಹಸಿರು ಅಂಗಿ. ಫೋನ್ ತೋರಿಸಿದರೆ ಬೀಗ ಬಿಡುತ್ತದೆ. ಒಂದು ಸ್ಟ್ಯಾಂಡಿನಲ್ಲಿ ಹತ್ತಿ ಇನ್ನೊಂದರಲ್ಲಿ ಬಿಟ್ಟು ಹೋಗಬಹುದು. ತಮಾಷೆ ಏನೆಂದರೆ ನಮ್ಮಣ್ಣನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. “ಸುಮ್ಮನೆ ನಿಲ್ಲಿಸಿದ್ರೆ ಬಿದ್ದುಹೋಗೋ ಗಾಡೀನ ಹೆಂಗೆ ನಂಬ್ತೀಯ ಪುಟ್ಟಿ?” ಅನ್ನುತ್ತಿದ್ದ. ನನಗೆ ಮೂವತ್ತೆಂಟು ತುಂಬಿದರೂ ಅವನ ಬಾಯಲ್ಲಿ ಪುಟ್ಟಿಯೇ. ನನ್ನ ಗಂಡ ಮನೆ ಬಿಟ್ಟು ಹೋಗಿ, ನಾನಿದ್ದ ಬಟ್ಟೆ ಫ್ಯಾಕ್ಟರಿಗೂ ಬಾಗಿಲು ಬಿದ್ದಾಗ ಅಣ್ಣ ಅತ್ತಿಗೆ ತಮ್ಮ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದರು. ಆಮೇಲೆ ಅವನೇ ಮ್ಯಾನೇಜರಿಗೆ ಹೇಳಿ ತನ್ನ ಲಾರಿಯಲ್ಲೇ ಸೈಕಲ್ ಏರಿಸುವ ಇಳಿಸುವ ಕೆಲಸ ಕೊಡಿಸಿದ. ಸೈಕಲ್ ಯೋಜನೆಗೆ ಲಾರಿ ಯಾಕೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ.

ನಮ್ಮ ಊರು ಗುಡ್ಡದ ಮೇಲರ್ಧ, ಕೆಳಗರ್ಧ. ಮನೆಗಳು ಮೇಲೆ; ರೈಲ್ವೆ ಸ್ಟೇಷನ್ನು, ಮಾರ್ಕೆಟ್ಟು, ಆಫೀಸುಗಳು ಕೆಳಗೆ. ಬೆಳಗಾದರೆ ಜನ ಮೇಲಿಂದ ಸೈಕಲ್ ಹತ್ತಿ ಜುಯ್ಯೆಂದು ಇಳಿದು ಬರುತ್ತಾರೆ. ಸಂಜೆ ಒಬ್ಬನಾದರೂ ಪೆಡಲ್ ತುಳಿದುಕೊಂಡು ಹತ್ತಲಿ ನೋಡೋಣ! ಎಲ್ಲರೂ ಬಸ್ಸಿಗೆ. ಇಳಿಯುವಾಗ ಎಲ್ಲರೂ ಪರಿಸರ ಪ್ರೇಮಿಗಳು, ಹತ್ತಿಸುವ ಕರ್ಮ ಮಾತ್ರ ನಮ್ಮದು. ಒಂದು ಸಲಕ್ಕೆ ಮೂವತ್ತು ಸೈಕಲ್ಲು ತುಂಬಿಕೊಂಡು ನಮ್ಮ ಲಾರಿ ಗುಡ್ಡ ಹತ್ತಬೇಕು, ಇಳಿಯಬೇಕು, ಮತ್ತೆ ತುಂಬಬೇಕು. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಲಾರಿಯ ಎರಡೂ ಪಕ್ಕದಲ್ಲಿ ದೊಡ್ಡ ಎಲೆ ಬರೆದು ‘ಹೊಗೆ ಇಲ್ಲದ ಊರು’ ಎಂದು ಹಾಕಿದ್ದರು. ಏರಿನಲ್ಲಿ ಎರಡನೇ ಗೇರಿಗೆ ಹಾಕಿದರೆ ಸಾಕು, ಹಿಂದಿನಿಂದ ಹೊಗೆ ಕಪ್ಪಗೆ ಎದ್ದು ಆ ಎಲೆಯನ್ನೇ ಮುಚ್ಚುತ್ತಿತ್ತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಲಾರಿ ನಿಲ್ಲಿಸುವ ಯಾರ್ಡಿನಲ್ಲಿ ಮಿಕ್ಕ ಡ್ರೈವರುಗಳು ಅಣ್ಣನಿಗೆ ನಿಧಾನಪ್ಪ ಎಂದು ಹೆಸರಿಟ್ಟಿದ್ದರು. ಅವನಿಗೆ ಬೇಜಾರಿರಲಿಲ್ಲ. “ನಿಧಾನಪ್ಪ ಅಂದ್ರೆ ಇನ್ನೂ ಬದುಕಿರೋ ಅಪ್ಪ ಅಂತ ಅರ್ಥ ಕಣ್ರೋ,” ಎಂದು ತಾನೂ ನಗುತ್ತಿದ್ದ.

ಮೂರನೇ ತಿಂಗಳು ಮ್ಯಾನೇಜರ್ ಅಣ್ಣನನ್ನು ಒಳಗೆ ಕರೆದ. ನನ್ನನ್ನು ಕರೆದಿರಲಿಲ್ಲ, ಆದರೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

“ನಿಮ್ಮ ಗಾಡಿ ಇಷ್ಟೊಂದು ಕಿಲೋಮೀಟರ್ ಯಾಕೆ ಓಡ್ತಿದೆ?” ಎಂದು ಕೇಳಿದ.

“ಸೈಕಲ್ ತಾವಾಗೇ ಗುಡ್ಡ ಹತ್ತಲ್ವಲ್ಲ ಸಾರ್,” ಅಂದ ಅಣ್ಣ.

ಮ್ಯಾನೇಜರಿಗೆ ನಗು ಬರಲಿಲ್ಲ. ಸಮಾಚಾರ ಇಷ್ಟು: ಸೈಕಲ್ಲಿನಿಂದ ಊರಿನಲ್ಲಿ ಎಷ್ಟು ಹೊಗೆ ಕಡಿಮೆಯಾಯಿತು ಎಂದು ಕಂಪನಿ ಪ್ರತಿ ತಿಂಗಳು ನಗರಸಭೆಗೆ ಬರೆದು ಕೊಡಬೇಕು. ಅದರಲ್ಲಿ ಲಾರಿ ಬಿಟ್ಟ ಹೊಗೆಯನ್ನು ಕಳೆಯಬೇಕು. ಕಾರು ಬಿಟ್ಟು ಸೈಕಲ್ ಹತ್ತಿದವರು ಬೆರಳೆಣಿಕೆ. ಮಿಕ್ಕವರೆಲ್ಲ ಮೊದಲು ನಡೆದೇ ಇಳಿಯುತ್ತಿದ್ದವರು. ಹಾಗಾಗಿ ಲಾರಿಯ ಹೊಗೆ ಕಳೆದರೆ ಉಳಿಯುವುದು ಸೊನ್ನೆಗಿಂತ ಕೆಳಗೆ. ಅದನ್ನು ನೋಡಿದರೆ ನಗರಸಭೆ ಯೋಜನೆಯನ್ನೇ ನಿಲ್ಲಿಸುತ್ತದೆ, ಅರವತ್ತು ಜನ ಮನೆಗೆ.

“ನಿಮ್ಮ ಮೀಟರ್ ದಿನಕ್ಕೆ ಎರಡು ಟ್ರಿಪ್ ಓಡಿದ್ರೆ ಸಾಕು. ಆಮೇಲೆ ಅದೂ ಸ್ವಲ್ಪ ರೆಸ್ಟ್ ತಗೊಳ್ಳಲಿ,” ಅಂದ ಮ್ಯಾನೇಜರ್. “ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ.”

ಗೇರ್ ಬಾಕ್ಸಿನಿಂದ ಮೀಟರಿಗೆ ಬರುವ ಒಂದು ವೈರಿದೆ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಅದರ ಪಿನ್ ಕಿತ್ತರೆ ಮುಳ್ಳು ಸೊನ್ನೆಯಲ್ಲಿ ಮಲಗುತ್ತದೆ, ಗಾಡಿ ಎಷ್ಟು ಓಡಿದರೂ ಲೆಕ್ಕಕ್ಕೆ ಸಿಗುವುದಿಲ್ಲ. ಡೀಸೆಲ್ಲನ್ನು ಯಾರ್ಡಿನ ಜನರೇಟರ್ ಹೆಸರಿನಲ್ಲಿ ತರಿಸಿ ನಮ್ಮ ಟ್ಯಾಂಕಿಗೆ ಹಾಕಿಸುವುದು ಮ್ಯಾನೇಜರ್ ಹೊಣೆ. ವೈರು ಕೀಳುವುದು ನಮ್ಮದು.

ಅಣ್ಣ ಒಪ್ಪಲಿಲ್ಲ. ನಾನು ಒಪ್ಪಿಸಿದೆ. ಇಲ್ಲಿ ಮ್ಯಾನೇಜರನ್ನು ಬೈದು ನಾನು ಜಾರಿಕೊಳ್ಳಬಹುದು, ಆದರೆ ನಿಜ ಹೀಗಿದೆ. ಎರಡು ದಿನ ಅಣ್ಣ ವೈರು ಮುಟ್ಟಲಿಲ್ಲ. ಕೆಲಸ ಹೋದರೆ ಅವನಿಗೆ ಇನ್ನೊಂದು ಗಾಡಿ ಸಿಗುತ್ತಿತ್ತು. ನನಗೆ ಯಾರು ಕೊಡುತ್ತಾರೆ? ನಾಲ್ಕು ವರ್ಷ ಊರೆಲ್ಲ ಅಲೆದು ಸಾಕಾಗಿತ್ತು. ಮೂರನೇ ದಿನ ಎರಡನೇ ಟ್ರಿಪ್ ಮುಗಿದಾಗ, “ಒಂದು ವೈರ್ ತಾನೇ ಅಣ್ಣಾ! ಯಾರ ಗಂಟು ಹೋಗುತ್ತೆ?” ಎಂದು ನಾನೇ ಕೈ ಹಾಕಿ ಕಿತ್ತೆ. ಅವನು ನನ್ನ ಮುಖ ನೋಡಿದ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿದ.

ಅಲ್ಲಿಂದ ಮುಂದೆ ಅದು ನನ್ನ ಕೆಲಸವೇ ಆಯಿತು. ಬೆಳಗ್ಗೆ ಎರಡು ಟ್ರಿಪ್ ಆದ ಮೇಲೆ ಕೀಳುವುದು, ಸಂಜೆ ಯಾರ್ಡಿಗೆ ಬಂದ ಮೇಲೆ ಹಾಕುವುದು, ಫಾರಂನಲ್ಲಿ ಮೀಟರ್ ನಂಬರು ಬರೆಯುವುದು. ಅಣ್ಣ ಒಂದು ದಿನವೂ ಆ ವೈರನ್ನು ಕೈಯಿಂದ ಮುಟ್ಟಲಿಲ್ಲ. ನಾನು ಕೀಳುವಾಗ ಕಿಟಕಿಯ ಆಚೆ ನೋಡುತ್ತಿದ್ದ.

ಹದಿನಾಲ್ಕು ತಿಂಗಳು ಕಳೆಯಿತು. ಮೀಟರ್ ಒಂಬತ್ತು ಸಾವಿರ ಕಿಲೋಮೀಟರ್ ಮುಂದೆ ಹೋಗಿತ್ತು. ಗಾಡಿ ನಿಜವಾಗಿ ಓಡಿದ್ದು ನಲವತ್ತು ಸಾವಿರದ ಮೇಲೆ. ನಮ್ಮಲ್ಲಿ ಯಾರಿಗೂ ಹೊಳೆಯದ ಒಂದು ವಿಷಯವಿತ್ತು. ಲಾರಿಯ ಸರ್ವಿಸ್ ನಡೆಯುವುದು ಮೀಟರ್ ನೋಡಿ, ಹತ್ತು ಸಾವಿರಕ್ಕೊಂದು ಸಲ. ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಲೈನರ್ ಬದಲಾಯಿಸುವುದೂ ಆವಾಗಲೇ. ಮೀಟರ್ ಹತ್ತು ಸಾವಿರ ಮುಟ್ಟುವ ತನಕ ಗಾಡಿಯನ್ನು ಯಾರೂ ಬಿಚ್ಚುವುದಿಲ್ಲ, ಸ್ಟೋರಿನಲ್ಲಿ ಲೈನರ್ ಕೊಡುವುದೂ ಇಲ್ಲ. ಊರಿಗೆಲ್ಲ ಸುಳ್ಳು ಹೇಳುತ್ತಾ ನಮ್ಮ ಗಾಡಿಗೂ ಅದೇ ಸುಳ್ಳು ಹೇಳಿಕೊಂಡು ಕೂತಿದ್ದೆವು.

ಅಣ್ಣನಿಗೆ ಗೊತ್ತಾಯಿತು, ಆದರೆ ಬಹಳ ತಡವಾಗಿ. ಒಂದು ದಿನ ಗುಡ್ಡದ ಮೇಲೆ ಚಕ್ರ ಸುತ್ತಿ ಬಂದವನು ಸೀಟಿನಲ್ಲಿ ಕೂತು, ಮೂರು ಸಲದ ಬದಲು ಐದಾರು ಸಲ ಬ್ರೇಕ್ ತುಳಿದು ನೋಡಿದ.

“ಪೆಡಲ್ ತುಂಬಾ ಒಳಗೆ ಹೋಗ್ತಿದೆ ಪುಟ್ಟಿ. ಉಜ್ಜೋ ಸದ್ದೂ ಬರ್ತಿದೆ. ಲೈನರ್ ಮುಗಿದಿದೆ.”

ಮೆಕ್ಯಾನಿಕ್ ಹತ್ತಿರ ಹೋದೆವು. ಅವನು ಕಂಪ್ಯೂಟರ್ ನೋಡಿ, “ಇನ್ನೂ ಸಾವಿರ ಕಿಲೋಮೀಟರ್ ಇದೆಯಲ್ಲಪ್ಪ, ಸ್ಟೋರಿನವರು ಪಾರ್ಟ್ ಬಿಡಲ್ಲ. ಮ್ಯಾನೇಜರ್ ಹತ್ರ ಸಹಿ ತಗೊಂಡು ಬಾ,” ಅಂದ. ಮ್ಯಾನೇಜರ್ ಸಹಿ ಹಾಕಲಿಲ್ಲ. ಒಂಬತ್ತು ಸಾವಿರಕ್ಕೇ ಲೈನರ್ ಯಾಕೆ ಸವೆಯಿತು ಎಂದು ಮೇಲಿನವರು ಕೇಳುತ್ತಾರಂತೆ. “ಮುಂದಿನ ತಿಂಗಳು ಯೋಜನೆ ರಿನ್ಯೂವಲ್ ಆಗುತ್ತೆ. ಅಲ್ಲೀವರೆಗೂ ನಿಧಾನಕ್ಕೆ ಓಡಿಸಿ. ನಿಮಗೇನು, ನೀವು ಹೇಗಿದ್ರೂ ನಿಧಾನಪ್ಪ ಅಲ್ವಾ?”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಾಡಿ ನಿಲ್ಲಿಸಿಬಿಡು ಎಂದು ನಾನು ಅವತ್ತು ಹೇಳಬೇಕಿತ್ತು. ಹೇಳಲಿಲ್ಲ. ಒಂದು ತಿಂಗಳು ತಾನೇ ಅಂದುಕೊಂಡೆ. ಅಣ್ಣ ಮಾರನೇ ದಿನದಿಂದ ಇಡೀ ಇಳಿಜಾರನ್ನು ಮೊದಲನೇ ಗೇರಿನಲ್ಲಿ ಇಳಿಯತೊಡಗಿದ. ಹಿಂದಿನ ಕಾರಿನವರು ಹಾರ್ನ್ ಹೊಡೆದು, ಕಿಟಕಿ ಇಳಿಸಿ ಬಾಯಿಗೆ ಬಂದದ್ದು ಅಂದು ಹೋಗುತ್ತಿದ್ದರು. ಅವನ ಅಂಗಿಯ ಬೆನ್ನು ಪೂರ್ತಿ ಬೆವರಿ ಒದ್ದೆಯಾಗಿರುತ್ತಿತ್ತು.

ಹನ್ನೊಂದನೇ ದಿನ, ಮಧ್ಯಾಹ್ನ ಮೂರರ ಸುಮಾರು. ಮೇಲಿನ ಸ್ಟ್ಯಾಂಡುಗಳಿಂದ ಕೆಟ್ಟ ಸೈಕಲ್ಲುಗಳನ್ನು ತುಂಬಿಕೊಂಡು ಯಾರ್ಡಿಗೆ ಇಳಿಯುತ್ತಿದ್ದೆವು. ಆ ಸೈಕಲ್ಲುಗಳ ಆಯಸ್ಸು ಒಂದು ವರ್ಷ ಮುಟ್ಟುತ್ತಿರಲಿಲ್ಲ. ಬಿಡಿಭಾಗ ಎಲ್ಲೂ ಸಿಗದು. ಒಂದು ಮುರಿದರೆ ಇಡೀ ಸೈಕಲ್ಲು ಗುಜರಿಗೆ. ಅವತ್ತು ಮೂವತ್ತನಾಲ್ಕು ಇದ್ದವು, ಭಾರ ಹೆಚ್ಚೇ ಇತ್ತು. ಎರಡನೇ ತಿರುವು ದಾಟಿದ ಮೇಲೆ ಎದುರಿಗೊಂದು ಬಸ್ಸು ಅಡ್ಡ ಬಂತು. ಅಣ್ಣ ಬ್ರೇಕ್ ಒತ್ತಿದ. ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಉಳಿಯಿತು. ಬಸ್ಸನ್ನು ಹೇಗೋ ತಪ್ಪಿಸಿದ, ಆದರೆ ಆ ಎಳೆದಾಟದಲ್ಲಿ ಗೇರು ಬಿಟ್ಟುಹೋಯಿತು. ಮತ್ತೆ ಹಾಕಲು ನೋಡಿದ, ಕರಕರ ಅಂತೇ ಹೊರತು ಬೀಳಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದ. ಸುಟ್ಟ ವಾಸನೆ ಬಂತು, ಗಾಡಿ ನಿಲ್ಲಲಿಲ್ಲ.

ಅವನು ಗಾಡಿಯನ್ನು ತನ್ನ ಕಡೆಯ ಕಲ್ಲುಗೋಡೆಗೆ ಒತ್ತಿ ಉಜ್ಜಿಸಿದ. ವೇಗ ಒಂಚೂರು ತಗ್ಗಿತು.

“ಹಾರು!” ಅಂದ.

“ಅಣ್ಣಾ, ನೀನು?”

“ಹಾರೇ! ಗೋಡೆ ಇಲ್ಲಿಗೆ ಮುಗಿಯುತ್ತೆ, ಹಾರು!” ಎಂದು ಒಂದು ಕೈಯಿಂದ ಬಾಗಿಲು ತೆರೆದು ನನ್ನನ್ನು ನೂಕಿದ. ಜನ್ಮದಲ್ಲಿ ಅವನು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

ರಸ್ತೆಗೆ ಬಿದ್ದು ಉರುಳಿದೆ. ಮೊಣಕೈ ಮೂಳೆ ಬಿರುಕು ಬಿಟ್ಟಿತ್ತು, ಆದರೆ ಎದ್ದು ಓಡಿದೆ. ಗುಡ್ಡದ ಬುಡದಲ್ಲಿ ರಸ್ತೆ ನೇರ ಮಾರ್ಕೆಟ್ಟಿಗೆ ಹೋಗುತ್ತದೆ. ಪಕ್ಕದಲ್ಲಿ ನಮ್ಮ ದೊಡ್ಡ ಸ್ಟ್ಯಾಂಡು, ಹಿಂದೆ ಗೋಡೌನಿನ ಗೋಡೆ. ಮಾರ್ಕೆಟ್ಟಿನ ತುಂಬ ಜನ; ಸ್ಟ್ಯಾಂಡಿನಲ್ಲಿ ಬರೀ ಸೈಕಲ್ಲು. ಅಣ್ಣ ಸ್ಟ್ಯಾಂಡಿಗೆ ತಿರುಗಿಸಿದ. ನಲವತ್ತು ಸೈಕಲ್ಲನ್ನು ಮುದ್ದೆ ಮಾಡಿಕೊಂಡು ಹೋಗಿ ಲಾರಿ ಗೋಡೆಗೆ ಹೊಡೆದು ನಿಂತಿತ್ತು. ಹೊರಗಿನ ಒಂದು ನರಪಿಳ್ಳೆಗೂ ಪೆಟ್ಟಾಗಲಿಲ್ಲ. ನಾನು ಹೋಗಿ ಬಾಗಿಲಿಗೆ ಜೋತುಬಿದ್ದು ಒಳಗೆ ಹತ್ತಿದಾಗ ಅಣ್ಣನ ಎದೆ ಸ್ಟಿಯರಿಂಗಿಗೆ ಒತ್ತಿತ್ತು. ಕೂಗಿದೆ, ಮುಖ ಹಿಡಿದು ಅಲ್ಲಾಡಿಸಿದೆ. ಅಣ್ಣ ಹೋಗಿಬಿಟ್ಟಿದ್ದ.

ಮುಂದೆ ಮಾಡಿದ್ದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹೊರಗೆ ಜನ ಓಡಿಬರುವ ಸದ್ದು ಕೇಳಿತು. ನನ್ನ ಕೈ ಡ್ಯಾಶ್‌ಬೋರ್ಡಿನ ಕೆಳಗೆ ಹೋಗಿ ಆ ವೈರಿನ ಪಿನ್ನನ್ನು ಹುಡುಕಿ ಜಾಗಕ್ಕೆ ಚುಚ್ಚಿತು.

ತನಿಖೆಯವರು ಬಂದಾಗ ವೈರು ಸರಿಯಾಗಿತ್ತು, ಮೀಟರ್ ಸರಿಯಾಗಿತ್ತು. ಒಂಬತ್ತು ಸಾವಿರಕ್ಕೆ ಲೈನರ್ ಸವೆಯುವುದಿಲ್ಲವಲ್ಲ. ಹಾಗಾದರೆ ಜೋರಾಗಿ ಇಳಿಸಿ ಇಳಿಸಿ ಸುಟ್ಟಿದ್ದಾನೆ ಎಂದು ಬರೆದುಕೊಂಡರು. ಕೆಳತಿರುವಿನ ಕ್ಯಾಮರಾದಲ್ಲಿ ಗಾಡಿ ಎಪ್ಪತ್ತರಲ್ಲಿ ಹೋದದ್ದೂ ಕಂಡಿತ್ತು. ಅಣ್ಣ ಸಾಯುವ ಮುಂಚಿನ ಆ ಅರ್ಧ ನಿಮಿಷವೇ ಅವನ ಇಡೀ ಜನ್ಮಕ್ಕೆ ಸಾಕ್ಷಿಯಾಯಿತು.

ಅತ್ತಿಗೆ ಆ ಕಾಗದ ಓದಿ ಮಡಿಸಿ ಹೊಲಿಗೆ ಮಷೀನಿನ ಡ್ರಾಯರಿಗೆ ಹಾಕಿದರು. ಅವರು ಮನೆಯಲ್ಲೇ ಸ್ಕೂಲ್ ಯೂನಿಫಾರಂ ಹೊಲಿಯುವವರು. “ಸುಳ್ಳು,” ಎಂದು ಒಂದೇ ಮಾತು ಹೇಳಿ ಮತ್ತೆ ಮಷೀನು ತುಳಿಯತೊಡಗಿದರು. ಬೀದಿಯವರು ಬಂದು ಲೊಚಗುಟ್ಟಿದಾಗಲೂ ತಲೆ ಎತ್ತಲಿಲ್ಲ. “ಅವರು ಜೋರಾಗಿ ಓಡಿಸಿದ್ರು ಅಂತ ದೇವರೇ ಬಂದು ಹೇಳಿದ್ರೂ ನಾನು ನಂಬಲ್ಲ,” ಎಂದು ನನ್ನೊಬ್ಬಳ ಹತ್ತಿರ ಹೇಳಿದರು. ಅವರ ಎದುರು ಕೂತು ಊಟ ಮಾಡುವುದು ನನಗೆ ಕಷ್ಟವಾಯಿತು.

ಮ್ಯಾನೇಜರ್ ಒಂದು ಸಲ ಗೇಟಿನ ತನಕ ಬಂದ. “ಹೋದವರಂತೂ ಹೋದರಮ್ಮ. ಇರೋ ಅರವತ್ತು ಜನದ ಹೊಟ್ಟೆ ನೋಡು. ಬಾಯಿ ಮುಚ್ಕೊಂಡಿದ್ರೆ ನಿನಗೂ ಒಳ್ಳೇದು,” ಅಂದ.

“ನೀವು ಮುಚ್ಕೊಳ್ಳಿ, ಗೇಟ್ ನಾನು ಮುಚ್ತೀನಿ,” ಎಂದು ಅವನ ಮುಖದ ಮೇಲೇ ಹಾಕಿದೆ. ಮರುದಿನ ನಗರಸಭೆಗೆ ಹೋಗಿ ಕೇಸನ್ನು ಮತ್ತೆ ತೆಗೆಯಿರಿ ಎಂದು ಅರ್ಜಿ ಕೊಟ್ಟೆ.

ತನಿಖೆಯ ಅಧಿಕಾರಿ ಕನ್ನಡಕ ಹಾಕಿದ ಹೆಂಗಸು. ತಾಳ್ಮೆಯಿಂದ ಕೇಳಿಸಿಕೊಂಡರು. ಮೇಜಿನ ಪಕ್ಕದಲ್ಲಿ ಮ್ಯಾನೇಜರ್ ಕೂಡ ಕೂತಿದ್ದ.

“ಗಾಡಿ ನಲವತ್ತು ಸಾವಿರ ಓಡಿದೆ ಅಂತೀಯಲ್ಲ, ಪ್ರೂಫ್ ಏನಿದೆ?”

“ಸೈಕಲ್‌ಗಳನ್ನೇ ಕೇಳಿ ಮೇಡಂ. ಪ್ರತಿಯೊಂದರಲ್ಲೂ ಎಲ್ಲಿದೆ ಅಂತ ತೋರಿಸೋ ಡಬ್ಬಿ ಇದೆ. ಮೂವತ್ತು ಸೈಕಲ್ ಒಟ್ಟಿಗೆ, ತುಳಿಯೋರಿಲ್ಲದೆ, ಹನ್ನೊಂದು ನಿಮಿಷಕ್ಕೆ ಗುಡ್ಡ ಹತ್ತಿರೋದು ಎಷ್ಟು ಸಲ ಅಂತ ಎಣಿಸಿ.”

ಎಣಿಸಿದರು. ಒಂದು ವಾರ ಹಿಡಿಯಿತು, ಆದರೆ ಎಣಿಸಿದರು. ಲಾರಿಯಲ್ಲಿ ಮಲಗಿಕೊಂಡು ಹೋದ ಸೈಕಲ್ಲುಗಳನ್ನೂ ಕಂಪನಿಯವರು ‘ಸವಾರಿ’ ಎಂದು ತೋರಿಸಿ, ಅದರಿಂದಲೂ ಹೊಗೆ ಉಳಿಯಿತು ಎಂದು ಬರೆದಿದ್ದರಂತೆ. ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ನನ್ನನ್ನೂ ಮ್ಯಾನೇಜರನ್ನೂ ಮತ್ತೆ ಕರೆಸಿದರು.

“ಮೀಟರ್ ವೈರ್ ಕಿತ್ತಿದ್ದು ಯಾರು?”

“ನಾನು.”

“ಯಾರು ಹೇಳಿದ್ರು?”

ನಾನು ಮ್ಯಾನೇಜರ್ ಕಡೆ ಕೈ ತೋರಿಸಿದೆ. ಅವನು, “ಕಾಗದ ಇದ್ಯಾ? ಮೆಸೇಜ್ ಇದ್ಯಾ? ಇವರೇ ಅಣ್ಣ ತಂಗಿ ಡೀಸೆಲ್ ಹೊಡೆಯೋಕೆ ಮಾಡಿರಬೇಕು,” ಅಂದ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು. ನನ್ನ ಹತ್ತಿರ ಕಾಗದವೂ ಇರಲಿಲ್ಲ, ಮೆಸೇಜೂ ಇರಲಿಲ್ಲ.

“ಆಕ್ಸಿಡೆಂಟ್ ಆದ್ಮೇಲೆ ವೈರ್ ಜಾಗದಲ್ಲೇ ಇತ್ತಲ್ಲ?” ಅಧಿಕಾರಿ ಕೇಳಿದರು.

“ನಾನೇ ಹಾಕಿದೆ.”

“ದಿನಾ ಸಂಜೆ ನೀನೇ ಹಾಕ್ತಿದ್ದಿರಬೇಕು, ಅಭ್ಯಾಸ ಬಲದಿಂದ ಕೈ ಹೋಯ್ತಾ?”

ಅಧಿಕಾರಿ ಪಾಪ ನನಗೊಂದು ದಾರಿ ತೋರಿಸಿಕೊಟ್ಟಿದ್ದರು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ದಿನ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೆ ಕೂಡ.

“ಅಭ್ಯಾಸ ಅಲ್ಲ ಮೇಡಂ. ಭಯ. ಅಣ್ಣ ಪಕ್ಕದಲ್ಲೇ ಸತ್ತುಬಿದ್ದಿದ್ದ, ನಾನು ನನ್ನ ಕೆಲಸ ಉಳಿಸ್ಕೊಳ್ಳೋಕೆ ನೋಡಿದೆ.”

ಹೊಸ ಕಾಗದ ಬಂತು. ‘ಅತಿ ವೇಗ’ ಎಂಬುದನ್ನು ತೆಗೆದಿದ್ದರು. ಬ್ರೇಕ್ ಸವೆದೇ ಅಪಘಾತವಾಯಿತು ಎಂದು ಸ್ಪಷ್ಟವಾಗಿ ಇತ್ತು. ಅದರ ಕೆಳಗೆ: ‘ಚಾಲಕ ಹಾಗೂ ಸಹಾಯಕಿ ಸೇರಿ ಮೀಟರಿನ ಸಂಪರ್ಕ ತಪ್ಪಿಸಿದ್ದರಿಂದ ಸವೆತ ಗಮನಕ್ಕೆ ಬಂದಿಲ್ಲ.’ ಕಂಪನಿಗೆ ಎಚ್ಚರಿಕೆ ಕೊಟ್ಟರಂತೆ, ನನ್ನನ್ನು ಕೆಲಸದಿಂದ ತೆಗೆದರು. ಸೈಕಲ್ ಯೋಜನೆ ನಿಲ್ಲಲಿಲ್ಲ. ಲಾರಿಗಳನ್ನು ಬೇರೆ ಗುತ್ತಿಗೆದಾರನಿಗೆ ವಹಿಸಿದರು. ಹಾಗೆ ಮಾಡಿದರೆ ಲಾರಿಯ ಹೊಗೆ ಸೈಕಲ್ಲಿನ ಲೆಕ್ಕಕ್ಕೆ ಬರುವುದಿಲ್ಲವಂತೆ.

ಕಾಗದ ಹಿಡಿದು ಮನೆಗೆ ಬಂದೆ. ಅತ್ತಿಗೆ ಮಷೀನಿನ ಮುಂದಿದ್ದರು. ಕೈಗೆ ಕೊಟ್ಟೆ. ಪೂರ್ತಿ ಓದಿದರು, ಕೊನೆಯ ಸಾಲನ್ನು ಎರಡು ಸಲ ಓದಿದರು.

“ಹದಿನಾಲ್ಕು ತಿಂಗಳೂ ಅವರಿಗೆ ಗೊತ್ತಿತ್ತಾ?”

“ಗೊತ್ತಿತ್ತು ಅತ್ತಿಗೆ. ಆದ್ರೆ ಅಣ್ಣ ಒಂದು ದಿನಾನೂ ವೈರ್ ಮುಟ್ಟಿಲ್ಲ. ಎಲ್ಲಾ ನಾನೇ...”

“ಗೊತ್ತಿತ್ತು ತಾನೇ?”

“ಹೂಂ.”

ಅವರು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅವರು ಜೋರಾಗಿ ಓಡಿಸಿದ್ರು ಅಂತ ಊರೆಲ್ಲಾ ಅಂದಾಗ ನಾನು ಆರಾಮಾಗಿದ್ದೆ,” ಅಂದರು ಅತ್ತಿಗೆ. “ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಈಗ ಅವರು ಕಳ್ಳಲೆಕ್ಕಕ್ಕೆ ಸೇರಿಕೊಂಡಿದ್ರು ಅಂತ ಬರೆದಿದ್ದಾರೆ. ಇದನ್ನ ನಾನು ನಂಬಲೇಬೇಕಲ್ಲ, ನೀನೇ ಹೋಗಿ ಹೇಳಿಬಂದಿದ್ದೀಯ.”